ಹಳೆ ಸಿಸ್ಟಮ್‌ಗೆ ವಿಂಡೋಸ್ 11 ಹಾಕಿಸುವ ಮೊದಲು

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಲ್ಲಿಂದ ದಾವಣಗೆರೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತು: "ಸರ್, ಇದಕ್ಕೆ ಹನ್ನೊಂದು ಕೂರುತ್ತಾ ನೋಡ್ರಿ." ಎಷ್ಟೋ ಕಡೆ ಮೊದಲು ರ‍್ಯಾಮ್ ಹಾಕುತ್ತಾರೆ, ಆಮೇಲೆ ಎಸ್‌ಎಸ್‌ಡಿ ಹಾಕುತ್ತಾರೆ. ಎಲ್ಲ ಆದಮೇಲೆ ಪ್ರೊಸೆಸರ್ ಹಳೆಯದು, ಆಗಲ್ಲ ಅನ್ನುವುದು ಗೊತ್ತಾಗುತ್ತದೆ. ಖರ್ಚು ಮಾಡಿದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಏನು ನೋಡಬೇಕು ಅನ್ನುವಷ್ಟೇ ಮುಖ್ಯ, ಯಾವುದನ್ನು ಮೊದಲು ನೋಡಬೇಕು ಅನ್ನುವುದು. ಬದಲಾಯಿಸಲು ಆಗದ ಭಾಗವನ್ನು ಮೊದಲು ನೋಡಿ. ದುಡ್ಡು ಕೊಟ್ಟರೆ ಬದಲಾಗುವುದನ್ನು ಕೊನೆಗೆ ನೋಡಿದರೆ ಸಾಕು.

ಬದಲಾಯಿಸಲು ಆಗದ್ದು ಅಂದರೆ ಪ್ರೊಸೆಸರ್. ಲ್ಯಾಪ್‌ಟಾಪ್‌ನಲ್ಲಂತೂ ಅದು ಸಾಮಾನ್ಯವಾಗಿ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ‘ಕೋರ್ ಐ5’ ಅಂತ ಇದ್ದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ. 2010ರ ಐ5 ಇದೆ, 2020ರ ಐ5 ಕೂಡ ಇದೆ. ಅಡ್ಡಗೆರೆಯ ನಂತರದ ಅಂಕಿಯನ್ನು ಓದಿ. ನಾಲ್ಕು ಅಂಕಿ ಇದ್ದರೆ ಮೊದಲನೆಯದೇ ತಲೆಮಾರು: 4570 ನಾಲ್ಕನೆಯದು, 7200ಯು ಏಳನೆಯದು, 8250ಯು ಎಂಟನೆಯದು. ಐದು ಅಂಕಿ ಇದ್ದರೆ ಮೊದಲ ಎರಡು: 10210ಯು ಹತ್ತನೆಯದು. ಇಲ್ಲಿ ಒಂದು ಕಡೆ ಎಡವುವವರು ಹೆಚ್ಚು. 1035ಜಿ1, 1115ಜಿ4 ಥರದ ಅಂಕಿ ನೋಡಿ ಮೊದಲ ತಲೆಮಾರು ಅಂತ ತಳ್ಳಿಹಾಕಬೇಡಿ, ಅವು ಹತ್ತನೆಯದು ಮತ್ತು ಹನ್ನೊಂದನೆಯದು. ನಿಜವಾದ ಮೊದಲ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಐ3-530, ಐ5-650 ಎಂದು ಮೂರೇ ಅಂಕಿ.

ಇಂಟೆಲ್‌ನಲ್ಲಿ ಮೈಕ್ರೋಸಾಫ್ಟ್ ಒಪ್ಪುವುದು ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮುಂದಕ್ಕೆ. ಏಳನೆಯದರಲ್ಲಿ ಬೆರಳೆಣಿಕೆಯ ಅಪವಾದಗಳಿವೆ, ಆದರೆ ನಮ್ಮೂರಲ್ಲಿ ಓಡಾಡುವ 7100, 7200ಯು, 7500 ಆ ಪಟ್ಟಿಯಲ್ಲಿಲ್ಲ. ಎಎಮ್‌ಡಿಯಲ್ಲಿ ರೈಜನ್ 2000 ಸರಣಿಯಿಂದ ಅನ್ನುತ್ತಾರೆ, ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಡೆಸ್ಕ್‌ಟಾಪ್‌ನ ರೈಜನ್ 5 2600 ಪಟ್ಟಿಯಲ್ಲಿದೆ. ಲ್ಯಾಪ್‌ಟಾಪ್‌ನ ರೈಜನ್ 5 2500ಯು, ಹೆಸರಲ್ಲಿ 2000 ಇದ್ದರೂ, ಒಳಗಿರುವುದು ಅದರ ಹಿಂದಿನ ವಿನ್ಯಾಸವಾದ್ದರಿಂದ ಪಟ್ಟಿಯ ಹೊರಗೆ. ಎ6, ಎ8, ಎಫ್‌ಎಕ್ಸ್ ಎಲ್ಲವೂ ಹೊರಗೇ. ಸೆಲೆರಾನ್, ಪೆಂಟಿಯಂ ಚಿಪ್‌ಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಆ ಅಂಕಿಯನ್ನೇ ಹುಡುಕಬೇಕು. ಎನ್4000 ಇದೆ, ಹಾಗಂತ ಅದಕ್ಕಿಂತ ಹಿಂದಿನವೂ ಇರುತ್ತವೆ ಅಂದುಕೊಳ್ಳಬೇಡಿ.

ಇನ್ನು ಜಿ31, ಜಿ41 ಬೋರ್ಡಿನ ಕೋರ್ 2 ಡ್ಯುಯೊ, ಡ್ಯುಯಲ್ ಕೋರ್ ಇ5700 ಸಿಸ್ಟಮ್‌ಗಳು. ಹಳೆಯ ಡಿಟಿಪಿ ಸೆಂಟರ್‌ಗಳಲ್ಲಿ, ಮಂಡಿ ಲೆಕ್ಕದ ಮೇಜಿನ ಮೇಲೆ ಇವತ್ತಿಗೂ ನೋಡಸಿಗುತ್ತವೆ. ಇವುಗಳಲ್ಲಿ ಮೈಕ್ರೋಸಾಫ್ಟ್‌ನ ತಪಾಸಣೆ ತಪ್ಪಿಸುವ ಕಳ್ಳದಾರಿ ಹಿಡಿದರೂ ಪ್ರಯೋಜನವಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಎಂಬ ಆಜ್ಞೆಗಳು ಪ್ರೊಸೆಸರ್‌ನಲ್ಲಿ ಇರಲೇಬೇಕು. ಈ ಚಿಪ್‌ಗಳಲ್ಲಿ ಅವು ಹುಟ್ಟಿನಿಂದಲೇ ಇಲ್ಲ, ಹಾಗಾಗಿ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಇಂಥ ಸಿಸ್ಟಮ್‌ಗೆ ವಿಂಡೋಸ್ 11ರ ಹೆಸರಲ್ಲಿ ಒಂದು ರೂಪಾಯಿಯನ್ನೂ ಹಾಕಬೇಡಿ.

ಪ್ರೊಸೆಸರ್ ಪಾಸಾಯಿತು, ಆದರೂ ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ಪುಟ್ಟ ತಂತ್ರಾಂಶ "ಆಗಲ್ಲ" ಅನ್ನುತ್ತಿದೆ ಅಂದುಕೊಳ್ಳಿ. ಆಗ ಎದೆಗುಂದಬೇಕಿಲ್ಲ. ಅದು ಕೊಡುವ ಕಾರಣ ಓದಿ. ‘ಟಿಪಿಎಂ 2.0’ ಅಥವಾ ‘ಸೆಕ್ಯೂರ್ ಬೂಟ್’ ಎಂದಿದ್ದರೆ ಬಹುತೇಕ ಅದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿರುವ ಒಂದು ಸ್ವಿಚ್ ಮಾತ್ರ. ಟಿಪಿಎಂ ಅಂದರೆ ಗುಪ್ತ ಕೀಗಳನ್ನು ಕಾಯ್ದಿಡುವ ಭದ್ರತಾ ಭಾಗ, ಸೆಕ್ಯೂರ್ ಬೂಟ್ ಅಂದರೆ ನಂಬಿಕೆಗೆ ಅರ್ಹವಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ. ಎಂಟನೇ ತಲೆಮಾರಿನ ಅಸೆಂಬಲ್ಡ್ ಸಿಸ್ಟಮ್‌ಗಳಲ್ಲಿ ಟಿಪಿಎಂ ಚಿಪ್ಪನ್ನು ಬೇರೆ ಕೊಳ್ಳಬೇಕಿಲ್ಲ, ಪ್ರೊಸೆಸರ್ ಜೊತೆಗೇ ಬಂದಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ ಅಥವಾ ಪ್ಲಾಟ್‌ಫಾರ್ಮ್ ಟ್ರಸ್ಟ್ ಟೆಕ್ನಾಲಜಿ, ಎಎಮ್‌ಡಿಯಲ್ಲಿ ಎಫ್‌ಟಿಪಿಎಂ. ಬಯಾಸ್‌ನ ಅಡ್ವಾನ್ಸ್ಡ್ ಅಥವಾ ಸೆಕ್ಯುರಿಟಿ ಪುಟದಲ್ಲಿ ಇರುತ್ತದೆ. ಎನೇಬಲ್ ಮಾಡಿ, ಸೇವ್ ಮಾಡಿ ಹೊರಬನ್ನಿ. ಅಷ್ಟೇ ಕೆಲಸ.

ಒಂದು ಎಚ್ಚರಿಕೆ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಬಯಾಸ್ ಮುಟ್ಟಿದ ಮೇಲೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ. ಮೊದಲೇ ತೆರೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅಕೌಂಟ್ ಮಾಡಿಕೊಟ್ಟವರು ಯಾರೋ, ಪಾಸ್‌ವರ್ಡ್ ಯಾರ ಹತ್ತಿರವೋ ಅನ್ನುವ ಸ್ಥಿತಿ ಇದ್ದರೆ ಬಯಾಸ್ ಮುಟ್ಟುವ ಮೊದಲು ಅದನ್ನು ಸರಿಮಾಡಿಕೊಳ್ಳಿ. ಆ ಕೀ ಇಲ್ಲದೆ ಡಿಸ್ಕಿನ ಒಳಗಿನ ಫೈಲ್ ಯಾರಿಗೂ ಸಿಗುವುದಿಲ್ಲ.

ಸೆಕ್ಯೂರ್ ಬೂಟ್ ವಿಷಯ ಇದಕ್ಕಿಂತ ಸ್ವಲ್ಪ ಗೋಜಲು. ಹೆಚ್ಚು ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫಾರ್ಮೇಶನ್’ ಎಂದು ಹುಡುಕಿ ತೆರೆಯಿರಿ. ‘ಬಯಾಸ್ ಮೋಡ್’ ಎದುರು ಯುಇಎಫ್‌ಐ (ಬೂಟ್ ಆಗುವ ಹೊಸ ವಿಧಾನ) ಎಂದಿದ್ದರೆ ಅರ್ಧ ಗೆದ್ದಿರಿ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿದರಾಯಿತು. ‘ಲೆಗಸಿ’ ಎಂದಿದ್ದರೆ ನಿಮ್ಮ ವಿಂಡೋಸ್ ಡಿಸ್ಕನ್ನು ಭಾಗ ಮಾಡುವ ಹಳೆಯ ಎಂಬಿಆರ್ ವಿಧಾನದಲ್ಲಿ ಕೂತಿದೆ ಎಂದರ್ಥ. ಈಗ ಬಯಾಸ್‌ನಲ್ಲಿ ನೇರವಾಗಿ ಲೆಗಸಿಯನ್ನು ಯುಇಎಫ್‌ಐಗೆ ಬದಲಾಯಿಸಿದರೆ ಸಿಸ್ಟಮ್ ಬೂಟ್ ಆಗುವುದಿಲ್ಲ, ‘ನೋ ಬೂಟ್ ಡಿವೈಸ್’ ಎಂದು ನಿಲ್ಲುತ್ತದೆ. ವಿಂಡೋಸ್ ಹಾಳಾಯಿತು ಅಂದುಕೊಂಡು ಫಾರ್ಮ್ಯಾಟ್ ಹೊಡೆಯುವುದು ಈ ಹಂತದಲ್ಲೇ. ಏನೂ ಹಾಳಾಗಿಲ್ಲ. ಬಯಾಸ್‌ನಲ್ಲಿ ಮತ್ತೆ ಲೆಗಸಿಗೆ ತಿರುಗಿಸಿ, ಎಂದಿನಂತೆ ತೆರೆಯುತ್ತದೆ.

ಸರಿಯಾದ ಕ್ರಮವೆಂದರೆ ಮೊದಲು ಡಿಸ್ಕನ್ನು ಎಂಬಿಆರ್‌ನಿಂದ ಹೊಸ ವಿಧಾನವಾದ ಜಿಪಿಟಿಗೆ ಬದಲಾಯಿಸುವುದು, ಆಮೇಲೆ ಬಯಾಸ್ ಮುಟ್ಟುವುದು. ಅದಕ್ಕೆ ವಿಂಡೋಸ್ ಜೊತೆಗೇ ಎಂಬಿಆರ್‌2ಜಿಪಿಟಿ ಎಂಬ ಆಜ್ಞೆ ಬರುತ್ತದೆ. ಡೇಟಾ ಬ್ಯಾಕಪ್ ಮಾಡಿಕೊಂಡು, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆ ಆಜ್ಞೆಯ ಮುಂದೆ /ವ್ಯಾಲಿಡೇಟ್ /ಅಲೌಫುಲ್‌ಓಎಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಇದು ಏನನ್ನೂ ಬದಲಾಯಿಸುವುದಿಲ್ಲ, ಆಗುತ್ತದೋ ಇಲ್ಲವೋ ಹೇಳುತ್ತದೆ ಅಷ್ಟೇ. ಪಾಸಾದರೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಹಾಕಿ ಮತ್ತೊಮ್ಮೆ ಓಡಿಸಿ.

ನಮ್ಮ ಕಡೆ ಇದು ಫೇಲಾಗುವುದಕ್ಕೆ ಒಂದು ಮಾಮೂಲಿ ಕಾರಣವಿದೆ. ವಿಂಡೋಸ್ ಹಾಕಿಕೊಡುವವರು ಸಿ, ಡಿ, ಇ ಎಂದು ಡ್ರೈವ್ ಮಾಡಿಕೊಡುತ್ತಾರೆ. ಕಣ್ಣಿಗೆ ಕಾಣದ ‘ಸಿಸ್ಟಮ್ ರಿಸರ್ವ್ಡ್’ ಭಾಗವೂ ಸೇರಿದರೆ ನಾಲ್ಕಾಯಿತು. ಎಂಬಿಆರ್ ಡಿಸ್ಕಿನಲ್ಲಿ ನಾಲ್ಕನೆಯದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತಾನಾಗಿಯೇ ಎಕ್ಸ್‌ಟೆಂಡೆಡ್ ಭಾಗದೊಳಗೆ ಕೂರಿಸುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇ ಡ್ರೈವ್ ಸುತ್ತ ಹಸಿರು ಚೌಕಟ್ಟು ಕಾಣುತ್ತದಲ್ಲ, ಅದೇ ಇದು. ಎಂಬಿಆರ್‌2ಜಿಪಿಟಿ ಎಕ್ಸ್‌ಟೆಂಡೆಡ್ ಭಾಗವನ್ನು ಒಪ್ಪುವುದಿಲ್ಲ, ಮೂರಕ್ಕಿಂತ ಹೆಚ್ಚು ಪ್ರೈಮರಿ ಭಾಗಗಳನ್ನೂ ಒಪ್ಪುವುದಿಲ್ಲ. ಇ ಡ್ರೈವಿನಲ್ಲಿರುವುದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ನಕಲಾದ ಫೈಲುಗಳು ತೆರೆಯುತ್ತವೆಯೇ ಎಂದು ನಾಲ್ಕಾರು ತೆರೆದು ನೋಡಿ, ಆಮೇಲೆ ಆ ಡ್ರೈವನ್ನೂ ಅದರ ಹೊರಗಿನ ಹಸಿರು ಚೌಕಟ್ಟನ್ನೂ ಅಳಿಸಿ. ಮತ್ತೆ ವ್ಯಾಲಿಡೇಟ್ ಮಾಡಿ. ಬದಲಾವಣೆ ಮುಗಿದ ಮೇಲೆ ಖಾಲಿ ಜಾಗದಲ್ಲಿ ಇ ಡ್ರೈವನ್ನು ಹೊಸದಾಗಿ ಮಾಡಿಕೊಳ್ಳಬಹುದು. ಜಿಪಿಟಿಯಲ್ಲಿ ನಾಲ್ಕರ ಮಿತಿ ಇಲ್ಲ.

ಇದಾದ ಮೇಲೆ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ಲೆಗಸಿ ಬೂಟ್‌ಗೆ ಅವಕಾಶ ಕೊಡುವ ಸೌಲಭ್ಯ) ಆಫ್ ಮಾಡಿ, ನಂತರ ಸೆಕ್ಯೂರ್ ಬೂಟ್ ಆನ್ ಮಾಡಿ. ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿರುವ ಸಿಸ್ಟಮ್ ಆದರೆ ಇಲ್ಲಿ ಮಾನಿಟರ್ ಕಪ್ಪಾಗಬಹುದು. ಆ ಕಾರ್ಡಿನ ಒಳಗಿನ ಪ್ರೋಗ್ರಾಂಗೆ ಯುಇಎಫ್‌ಐ ಗೊತ್ತಿಲ್ಲದಿರುವುದೇ ಕಾರಣ. ಪವರ್ ತೆಗೆದು, ಕಾರ್ಡ್ ಬಿಚ್ಚಿ, ಮಾನಿಟರ್ ಕೇಬಲ್ಲನ್ನು ಬೋರ್ಡಿನದೇ ಪೋರ್ಟಿಗೆ ಹಾಕಿ ನೋಡಿ. ಆಗಲೂ ಬರದಿದ್ದರೆ ಬೋರ್ಡ್ ಮೇಲಿನ ಸಿಆರ್2032 ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೆ ಬಯಾಸ್ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಸೆಲ್ ಬಗ್ಗೆ ಇನ್ನೊಂದು ಮಾತು. ಐದಾರು ವರ್ಷ ಹಳೆಯ ಸಿಸ್ಟಮ್ ಆದರೆ ಅದನ್ನು ಹೊಸದು ಮಾಡಿಬಿಡಿ. ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ತಪ್ಪು ಎಂದು ತೆರೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಷ್ಟಪಟ್ಟು ಆನ್ ಮಾಡಿದ ಟಿಪಿಎಂ, ಸೆಕ್ಯೂರ್ ಬೂಟ್ ಮತ್ತೆ ಆಫ್ ಆಗುತ್ತವೆ.

ಈಗ ದುಡ್ಡು ಹಾಕಬಹುದಾದ ಭಾಗಕ್ಕೆ ಬರೋಣ. ಮೈಕ್ರೋಸಾಫ್ಟ್ ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್. ಆ 4 ಜಿಬಿಯಲ್ಲಿ ವಿಂಡೋಸ್ ತೆರೆಯುತ್ತದೆ, ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಕೆಲಸಕ್ಕೆ 8 ಜಿಬಿ ಬೇಕೇ ಬೇಕು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್, ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇದೆ, ಎಷ್ಟು ಬಳಕೆಯಾಗಿದೆ ಎಂದು ಬರೆದಿರುತ್ತದೆ. ‘1 ಆಫ್ 2’ ಎಂದಿದ್ದರೆ ಇನ್ನೊಂದು 4 ಜಿಬಿ ಹಾಕಿದರೆ ಸಾಕು, ಇದ್ದದ್ದನ್ನು ಬಿಸಾಡಬೇಕಿಲ್ಲ. ಕೊಳ್ಳುವಾಗ ಹಳೆಯ ರ‍್ಯಾಮನ್ನೇ ಬಿಚ್ಚಿ ಅಂಗಡಿಗೆ ಒಯ್ಯಿರಿ. ಡಿಡಿಆರ್3 ಮತ್ತು ಡಿಡಿಆರ್4ರ ಕಚ್ಚಿನ ಜಾಗ ಬೇರೆಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಆಕಾರ ಒಂದೇ, ಒಂದಕ್ಕೆ 1.5 ವೋಲ್ಟ್, ಇನ್ನೊಂದಕ್ಕೆ 1.35 ವೋಲ್ಟ್. ಕಡಿಮೆ ವೋಲ್ಟಿನದನ್ನಷ್ಟೇ ಕೇಳುವ ಲ್ಯಾಪ್‌ಟಾಪ್‌ಗೆ 1.5 ವೋಲ್ಟಿನದು ಹಾಕಿದರೆ ಆನ್ ಆಗದೇ ಇರಬಹುದು, ಆನ್ ಆದರೂ ಆಗಾಗ ಕೈಕೊಡಬಹುದು. ಸ್ಟಿಕ್ಕರ್ ಮೇಲೆ ‘ಪಿಸಿ3ಎಲ್’ ಎಂದಿದೆಯೇ ನೋಡಿ.

ಡಿಸ್ಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ತಿರುಗುವ ಹಾರ್ಡ್‌ಡಿಸ್ಕಿನ ಮೇಲೆ ವಿಂಡೋಸ್ 11 ಹಾಕಲೇಬೇಡಿ. ಹಾಕಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಗಂಟೆಗಟ್ಟಲೆ 100% ತೋರಿಸುತ್ತದೆ, ಬೈಗುಳ ವಿಂಡೋಸ್‌ಗೆ ಬೀಳುತ್ತದೆ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆಯ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡಕ್ಕೂ ಆಗುತ್ತದೆ. 240 ಜಿಬಿ ಎಂದು ಬರೆದಿದ್ದು ವಿಂಡೋಸ್‌ನಲ್ಲಿ 223 ಜಿಬಿ ಎಂದು ಕಂಡರೆ ಮೋಸವಲ್ಲ, ಎಣಿಸುವ ರೀತಿ ಬೇರೆ. ಎಂ.2, ಅಂದರೆ ಬೋರ್ಡಿಗೇ ನೇರವಾಗಿ ಚುಚ್ಚುವ ಚಪ್ಪಟೆ ಎಸ್‌ಎಸ್‌ಡಿ, ತರುವ ಮೊದಲು ಬೋರ್ಡಿನ ಸ್ಲಾಟ್ ಸಾಟಾದ್ದೋ ಎನ್‌ವಿಎಂಇ ಒಪ್ಪುತ್ತದೋ ನೋಡಿಕೊಳ್ಳಿ. ನೋಡಲು ಒಂದೇ ಥರ ಇದ್ದರೂ ಸಾಟಾ ಮಾತ್ರ ಓದುವ ಸ್ಲಾಟ್‌ನಲ್ಲಿ ಎನ್‌ವಿಎಂಇ ಕಾಣುವುದೇ ಇಲ್ಲ.

ಅಪ್‌ಗ್ರೇಡ್ ಮಾಡುವ ಮೊದಲು ಈಗಿರುವ ಡಿಸ್ಕಿನ ಆರೋಗ್ಯವನ್ನೂ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ‘ರೀಅಲೊಕೇಟೆಡ್ ಸೆಕ್ಟರ್ಸ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಎರಡು ಸಾಲು ನೋಡಿ. ಪೆಂಡಿಂಗ್‌ನಲ್ಲಿ ಸೊನ್ನೆ ಬಿಟ್ಟು ಬೇರೇನು ಇದ್ದರೂ ಆವತ್ತೇ ಡೇಟಾ ಹೊರಗೆ ತೆಗೆಯಿರಿ. ಅಪ್‌ಗ್ರೇಡ್ ಅನ್ನುವುದು ಡಿಸ್ಕಿನ ಮೇಲೆ ಹತ್ತಾರು ಜಿಬಿ ಬರೆಯುವ ಕೆಲಸ. ಸಾಯುತ್ತಿರುವ ಡಿಸ್ಕ್ ಅದರ ನಡುವೆಯೇ ಸಾಯುತ್ತದೆ.

ಧೂಳಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಮೆಕ್ಕೆಜೋಳ ಬರುವ ಕಾಲದಲ್ಲಿ ಎಪಿಎಂಸಿ ಯಾರ್ಡ್ ಸುತ್ತಲಿನ ಅಂಗಡಿಗಳ ಕ್ಯಾಬಿನೆಟ್ ಬಿಚ್ಚಿದರೆ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದೆಸಿದಂತೆ ಧೂಳಿರುತ್ತದೆ. ಮಂಡಕ್ಕಿ ಭಟ್ಟಿಯ ಕಡೆ ಅದರ ಜೊತೆ ಮಸಿ. ಚಳ್ಳಕೆರೆ, ಹಿರಿಯೂರಿನ ಬೇಸಿಗೆಯ ಬಿಸಿಲೂ ಸೇರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಕೆಲಸ ಹೆಚ್ಚಿರುವಾಗಲೂ ವೇಗ ಬೇಸ್ ಸ್ಪೀಡಿಗಿಂತ ಕೆಳಗೇ ನಿಂತಿದ್ದರೆ ಇದೇ ಇರಬಹುದು. ಬ್ಲೋವರ್ ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಬಿಚ್ಚಿದರೆ ಹೊಸ ಥರ್ಮಲ್ ಪೇಸ್ಟ್ ಹಾಕದೆ ಮುಚ್ಚಬೇಡಿ.

ಹಾರ್ಡ್‌ವೇರ್ ಎಲ್ಲ ಪಾಸಾದರೂ ನಿಜವಾದ ಪರೀಕ್ಷೆ ಮುಗಿದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಇಲ್ಲವೇ ಇಲ್ಲ. ಇದರ ಪೆಟ್ಟು ಬೀಳುವುದು ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಬರೆದ ಬಿಲ್ಲಿಂಗ್, ದಲಾಲಿ ಲೆಕ್ಕದ ಪ್ರೋಗ್ರಾಂಗಳಿಗೆ. 32 ಬಿಟ್ ವಿಂಡೋಸ್ 10ರಲ್ಲಿ ಓಡುತ್ತಿದ್ದ 16 ಬಿಟ್ ಪ್ರೋಗ್ರಾಂ 64 ಬಿಟ್‌ನಲ್ಲಿ ತೆರೆಯುವುದೇ ಇಲ್ಲ. ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರ್‌ನಲ್ಲಿ ಓಡಿಸಬಹುದು, ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಬಿಲ್ ಹೋಗುವಂತೆ ಮಾಡುವುದು ಬೇರೆಯದೇ ಕೆಲಸ, ಅದನ್ನು ಮೊದಲು ಇನ್ನೊಂದು ಸಿಸ್ಟಮ್‌ನಲ್ಲಿ ಮಾಡಿ ನೋಡಬೇಕು. 32 ಬಿಟ್‌ನಿಂದ 64 ಬಿಟ್‌ಗೆ ನೇರ ಅಪ್‌ಗ್ರೇಡ್ ಕೂಡ ಇಲ್ಲ. ಹೊಸದಾಗಿಯೇ ಹಾಕಬೇಕು, ಅಂದರೆ ಎಲ್ಲ ತಂತ್ರಾಂಶಗಳೂ ಮೊದಲಿನಿಂದ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್, ಗ್ರಾಮ ಒನ್ ಥರದ ಸೇವಾ ಕೇಂದ್ರದ ಬೆರಳಚ್ಚು ಯಂತ್ರ, ಸ್ಕ್ಯಾನರ್ ಇವುಗಳ 64 ಬಿಟ್ ಡ್ರೈವರ್ ಇದೆಯೇ ಎಂದು ಮೊದಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಡಿಟಿಪಿಯವರಿಗೆ ನುಡಿಯ ಹಳೆ ಫಾಂಟ್‌ಗಳ ಚಿಂತೆ. ‘ನುಡಿ 01 ಇ’ಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ, ಕರಪತ್ರಗಳು ಯೂನಿಕೋಡ್ ಅಲ್ಲ. ಹೊಸ ಸಿಸ್ಟಮ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಬೇಕು ಅಷ್ಟೇ. ಫಾರ್ಮ್ಯಾಟ್ ಮಾಡುವ ಮೊದಲು ಫಾಂಟ್ಸ್ ಫೋಲ್ಡರ್‌ನಿಂದ ಎಲ್ಲ ಕನ್ನಡ ಫಾಂಟ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳಿ.

ಪ್ರೊಸೆಸರ್ ಪಟ್ಟಿಯಲ್ಲಿಲ್ಲದ ಸಿಸ್ಟಮ್‌ಗೂ, ಬೂಟ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಎಂಬ ತಂತ್ರಾಂಶ ಬಳಸಿ, ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುತ್ತಾರೆ. ಆಗುತ್ತದೆ, ಆರನೇ ಏಳನೇ ತಲೆಮಾರಿನಲ್ಲಿ ಸಲೀಸಾಗಿಯೇ ಓಡುತ್ತದೆ. ಆದರೆ ಅಂಥ ಸಿಸ್ಟಮ್‌ಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ವರ್ಷದ ದೊಡ್ಡ ಅಪ್‌ಡೇಟ್‌ಗಳು ತಾನಾಗಿ ಬರದೆ ಪ್ರತಿ ಸಲ ಕೈಯಿಂದ ಹಾಕಬೇಕಾಗಬಹುದು. ಮನೆಯ ಸಿಸ್ಟಮ್‌ಗೆ ಸರಿ. ಜನರ ಆಧಾರ್, ಬ್ಯಾಂಕ್ ವಿವರ ಓಡಾಡುವ ಸಿಸ್ಟಮ್‌ಗೆ ನಾನು ಹಾಗೆ ಹಾಕಲು ಹೇಳುವುದಿಲ್ಲ. ಹಳೆಯ ಐ5-4570, 6500 ಇರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪನ್ನು "ವಿಂಡೋಸ್ 11 ಇದೆ" ಎಂದು ಮಾರಲು ಬಂದರೂ ಇದೇ ಕಥೆ. ಆ ಅಂಕಿ ಕೇಳಿ, ಆಮೇಲೆ ಬೆಲೆ ಮಾತಾಡಿ.

ಪ್ರೊಸೆಸರ್ ಪಾಸಾಗದವರಿಗೆ ಇರುವ ನೇರ ದಾರಿ ಎರಡು. ವಿಂಡೋಸ್ 10ರ 22ಎಚ್2 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಸೇರಬಹುದು. ಮನೆಬಳಕೆಯ ಈ ಯೋಜನೆಗೆ ಪ್ರಕಟಿಸಿರುವ ಅವಧಿ 2026ರ ಅಕ್ಟೋಬರ್ 13ರವರೆಗೆ. ಇನ್ನೊಂದು ದಾರಿ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಮಿಂಟ್ 22. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಹಿತ, 2029ರವರೆಗೆ ಬೆಂಬಲವಿದೆ, ಟಿಪಿಎಂ ಕೇಳುವುದಿಲ್ಲ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಹಾಕಿ, ಡಿಸ್ಕ್ ಮುಟ್ಟದೆಯೇ ಅದರಿಂದ ಬೂಟ್ ಮಾಡಿ ಅರ್ಧ ದಿನ ಬಳಸಿ ನೋಡಬಹುದು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಏಳುತ್ತದೆಯೇ ನೋಡಿ. ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸವೇ ಇದೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ತೊಡಕು ಬರುವುದು ಪ್ರಿಂಟರ್‌ನಲ್ಲಿ. ಎಚ್‌ಪಿ 1020 ಇದ್ದರೆ ಎಚ್‌ಪಿಎಲ್‌ಐಪಿ ಎಂಬ ಲಿನಕ್ಸ್ ಡ್ರೈವರ್ ಜೊತೆಗೆ ಅದರ ಪ್ರತ್ಯೇಕ ಪ್ಲಗಿನ್ ಹಾಕಬೇಕು, ಇಲ್ಲದಿದ್ದರೆ ಪ್ರಿಂಟ್ ಕೊಟ್ಟರೂ ಕಾಗದ ಎಳೆಯುವುದಿಲ್ಲ. ಕ್ಯಾನನ್ 2900 ಇದಕ್ಕಿಂತ ಹೆಚ್ಚು ಕಾಡುತ್ತದೆ. ಟ್ಯಾಲಿ ಮೇಲೆ ನಡೆಯುವ ಅಂಗಡಿಯಾದರೆ ಲಿನಕ್ಸ್ ಬೇಡ.

ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಹಳೆಯದಕ್ಕೆ ಮರಳಲು 10 ದಿನ ಅವಕಾಶವಿದೆ, ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ‘ಗೋ ಬ್ಯಾಕ್’ ಸಿಗುತ್ತದೆ. ಆ ದಿನಗಳಲ್ಲಿ ಡಿಸ್ಕ್ ಕ್ಲೀನಪ್ ಓಡಿಸಬೇಡಿ, ‘ವಿಂಡೋಸ್ ಓಲ್ಡ್’ ಫೋಲ್ಡರ್ ಅಳಿದರೆ ಮರಳುವ ದಾರಿಯೂ ಅಳಿಯುತ್ತದೆ. ಮೊದಲ ವಾರದಲ್ಲೇ ಒಂದು ಬಿಲ್ ಪ್ರಿಂಟ್ ತೆಗೆಯಿರಿ, ಡಿಜಿಟಲ್ ಸಹಿಯ ಟೋಕನ್ ಹಾಕಿ ಲಾಗಿನ್ ಆಗಿ, ಹಳೆಯ ನುಡಿ ಫೈಲೊಂದನ್ನು ತೆರೆದು ಪ್ರಿಂಟ್ ಕೊಡಿ, ಸ್ಕ್ಯಾನರ್‌ನಲ್ಲಿ ಒಂದು ಹಾಳೆ ಇಟ್ಟು ನೋಡಿ. ಏನಾದರೂ ಕೈಕೊಟ್ಟರೆ ಹನ್ನೊಂದನೇ ದಿನಕ್ಕೆ ಕಾಯಬೇಡಿ.